ಮಂಚದಡಿಯಲ್ಲಿ ಹತ್ತು ನಿಮಿಷ

"ಅಕ್ಕಾ, ನನಗೆ 44 ವರ್ಷ. ಬದಿಯಡ್ಕದ ಹತ್ತಿರ ಮನೆ. ಅಡಿಕೆ ಸುಲಿದು ಸುಲಿದು ಸೊಂಟ ಹೋಗಿದೆ, ಬಲಗಾಲಿಗೆ ಸೆಳೆತ ಇಳಿಯುತ್ತದೆ. ಡಾಕ್ಟರು ಎಂಆರ್‌ಐ ಬರೆದುಕೊಟ್ಟರು. ಮಂಗಳೂರಿಗೆ ಹೋದೆವು. ಆ ಕೊಳವೆಯೊಳಗೆ ಎರಡು ನಿಮಿಷ ಮಲಗಲಿಕ್ಕೂ ಆಗಲಿಲ್ಲ. ಉಸಿರು ಕಟ್ಟಿದ ಹಾಗಾಗಿ ಅವರನ್ನು ಕರೆಯಲಿಕ್ಕೆ ಕೈಯಲ್ಲಿ ಕೊಟ್ಟಿದ್ದ ರಬ್ಬರ್ ಬಲ್ಬು ಒತ್ತಿ ಹೊರಗೆ ಬಂದೆ. ಮನೆಯವರು ವಾಪಸ್ ಬರುವಾಗ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. 'ಸಣ್ಣ ಮಕ್ಕಳೂ ಮಾಡಿಸಿಕೊಳ್ತಾರೆ' ಅಂತ ನಾದಿನಿ ನಕ್ಕಳು. ಬರುವ ಗುರುವಾರ ಮತ್ತೆ ಹೋಗಬೇಕು. ಈಗಲೇ ನಿದ್ದೆ ಇಲ್ಲ. ನಮ್ಮಮ್ಮನೂ ಸ್ಕ್ಯಾನ್ ಮಾಡಿಸಿದ ಮೂರೇ ತಿಂಗಳಿಗೆ ಹೋದರು."

ತಂಗಿ, ಸಣ್ಣ ಮಕ್ಕಳೂ ಮಾಡಿಸಿಕೊಳ್ಳುವುದು ನಿಜ. ತೀರಾ ಸಣ್ಣವರಿಗೆ ಮದ್ದು ಕೊಟ್ಟು ನಿದ್ದೆ ಬರಿಸಿ ಮಾಡಿಸುತ್ತಾರೆ. ನಾದಿನಿಗೆ ಅದನ್ನೂ ಹೇಳಿ. ಮತ್ತೆ ಆ ಬಲ್ಬು ಕೊಡುವುದೇ ಒತ್ತಲಿಕ್ಕೆ. ಒತ್ತಿ ಹೊರಗೆ ಬಂದದ್ದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನಿಮ್ಮ ಕಾಗದದಲ್ಲಿ ನನಗೆ ತಾಗಿದ್ದು ಕೊನೆಯ ಸಾಲು. ಎಲ್ಲ ಬರೆದಾದ ಮೇಲೆ ಮೂಲೆಯಲ್ಲಿ ಸೇರಿಸಿದ ಹಾಗಿದೆ. ನನಗನಿಸುವುದು, ನಿಮಗಿರುವುದು ಎರಡು ಹೆದರಿಕೆ. ಒಂದು ಕೊಳವೆಯದ್ದು, ಇನ್ನೊಂದು ರಿಪೋರ್ಟಿನದ್ದು. ಎರಡೂ ಸೇರಿ ಎದೆ ಮೇಲೆ ಕೂತಿವೆ. ಅಮ್ಮನ ಕಾಯಿಲೆಯನ್ನು ಸ್ಕ್ಯಾನು ತಂದು ಒಳಗಿಟ್ಟದ್ದಲ್ಲ, ಮೊದಲೇ ಇದ್ದದ್ದನ್ನು ತೋರಿಸಿತು ಅಷ್ಟೇ. ಇದು ನಿಮಗೂ ಗೊತ್ತು. ಗೊತ್ತಿದ್ದರೂ ಆ ಕೋಣೆಯ ಬಾಗಿಲು ಕಂಡ ಕೂಡಲೇ ಅಮ್ಮನೇ ಕಣ್ಣಮುಂದೆ ಬರುತ್ತಾರೆ, ಅಲ್ವಾ? ಇದನ್ನು ಮನೆಯವರಿಗೆ ಹೇಳಿದ್ದೀರಾ? ಹೇಳಿರಲಿಕ್ಕಿಲ್ಲ ಅಂತ ನನ್ನ ಅಂದಾಜು. ಬಸ್ಸಿನಲ್ಲಿ ಮುಖ ತಿರುಗಿಸಿ ಕೂತ ಅವರಿಗೆ ಹಣ ಹೋಯಿತು ಅನ್ನುವುದಷ್ಟೇ ಗೊತ್ತು. ಇವತ್ತು ರಾತ್ರಿ ಊಟ ಆದ ಮೇಲೆ ಹೇಳಿ.

ಇನ್ನು ಕೊಳವೆ. ಅದರ ಎರಡೂ ತುದಿ ತೆರೆದೇ ಇರುತ್ತದೆ. ಒಳಗೆ ಬೆಳಕಿದೆ, ಗಾಳಿ ಆಡುತ್ತದೆ. ಎಕ್ಸ್‌ರೇಯ ಹಾಗೆ ವಿಕಿರಣ ಇಲ್ಲ, ಇದು ಅಯಸ್ಕಾಂತದ ಕೆಲಸ. ಸದ್ದು ಮಾತ್ರ ಜೋರು. ಒಳಗಿನ ತಂತಿ ಸುರುಳಿಗಳಿಗೆ ಕರೆಂಟು ಬಿಟ್ಟು ಬಿಟ್ಟು ಹರಿಯುವಾಗ ಅವು ಅದುರುತ್ತವೆ, ಆ ಸದ್ದು ಅದು. ನನ್ನ ಕುತ್ತಿಗೆಗೆ ಮಾಡಿಸಿದಾಗ ಈ ಸದ್ದಿನ ವಿಷಯ ಯಾರೂ ಮೊದಲೇ ಹೇಳಿರಲಿಲ್ಲ. ಮೊದಲ ಪೆಟ್ಟಿಗೆ ಮೆಷಿನ್ನೇ ಒಡೆಯಿತು ಅಂದುಕೊಂಡೆ. ಆಮೇಲೆ ಕೇಳಿದರೆ ಅದಕ್ಕೂ ಒಂದು ತಾಳ ಇತ್ತು. ಚೆಂಡೆ ಪೆಟ್ಟು ಕೇಳಿ ಬೆಳೆದ ಊರಿನವರಲ್ವಾ ನಾವು! ಸ್ವಲ್ಪ ಬೇಸುರಿನ ಚೆಂಡೆ ಅಂತಿಟ್ಟುಕೊಳ್ಳಿ. ಕಿವಿಗೆ ಹತ್ತಿಯೋ ಹೆಡ್‌ಫೋನೋ ಕೊಡುತ್ತಾರೆ, ಕೊಡದಿದ್ದರೆ ಕೇಳಿ.

ನಾಳೆಯಿಂದಲೇ ಒಂದು ಕೆಲಸ ಶುರು ಮಾಡಿ. ಮನೆಯಲ್ಲಿ ಎತ್ತರದ ಮಂಚ ಇದೆಯಾ? ಅದರಡಿಯಲ್ಲಿ ಚಾಪೆ ಹಾಸಿ, ಮೊಣಕಾಲಡಿಗೆ ದಿಂಬಿಟ್ಟು, ಅಂಗಾತ ಮಲಗಿ. ಮೊದಲ ದಿನ ಮೂರು ನಿಮಿಷ ಸಾಕು. ಮರುದಿನ ಐದು, ಆಮೇಲೆ ಹತ್ತು. ಎಂಆರ್‌ಐ ಸದ್ದು ಯೂಟ್ಯೂಬಿನಲ್ಲಿ ಸಿಗುತ್ತದೆ, ಮೊಬೈಲಲ್ಲಿ ಹಾಕಿ ಪಕ್ಕದಲ್ಲಿಡಿ. ಮಕ್ಕಳು ಬಗ್ಗಿ ನೋಡಿ ನಗಲಿ, ಪರವಾಗಿಲ್ಲ. ಹೆದರಿಕೆ ಬಂದ ಕೂಡಲೇ ಎದ್ದು ಬರಬೇಡಿ, ಅದು ಏರಿ ತಾನಾಗಿ ಇಳಿಯುವವರೆಗೆ ಸುಮ್ನೆ ಮಲಗಿರಿ. ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ. ಮೈ ಅಲ್ಲಾಡಬಾರದು.

ಕಣ್ಣಿನ ವಿಷಯ ಮುಖ್ಯ. ಟೇಬಲ್ ಒಳಗೆ ಸರಿಯುವ ಮೊದಲೇ ಕಣ್ಣು ಮುಚ್ಚಿ, ಮೇಲೊಂದು ಸಣ್ಣ ಬಟ್ಟೆ ಹಾಕಿಸಿಕೊಳ್ಳಿ. ಒಳಗೆ ಹೋದ ಮೇಲೆ ಮುಚ್ಚುತ್ತೇನೆ ಅಂದರೆ ಆಗುವುದಿಲ್ಲ, ಮೂಗಿನ ಮೇಲೆಯೇ ಇರುವ ಗೋಡೆ ಒಮ್ಮೆ ಕಂಡರೆ ಮುಗಿಯಿತು. ಮುಚ್ಚಿದ ಕಣ್ಣಿನೊಳಗೆ ಬಸ್ಸು ಹತ್ತಿ. ತಲಪಾಡಿ, ಮಂಜೇಶ್ವರ, ಹೊಸಂಗಡಿ, ಉಪ್ಪಳ, ಬಂದ್ಯೋಡು, ಕುಂಬಳೆ. ಅಲ್ಲಿ ಇಳಿದು ಬದಿಯಡ್ಕದ ಬಸ್ಸು. ಸೀತಾಂಗೋಳಿ, ನೀರ್ಚಾಲು. ಎಲ್ಲಿ ತಿರುವು, ಎಲ್ಲಿ ಹಲಸಿನ ಮರ, ಎಲ್ಲಿ ಯಾವ ಅಂಗಡಿ, ಒಂದನ್ನೂ ಬಿಡಬೇಡಿ. ಸೊಂಟದ್ದಾದರೆ ಸಾಮಾನ್ಯವಾಗಿ ಅರ್ಧ ಗಂಟೆಯ ಆಸುಪಾಸು. ಮನೆ ಅಂಗಳ ಮುಟ್ಟುವ ಹೊತ್ತಿಗೆ ಮುಗಿಯುತ್ತಾ ಬಂದಿರುತ್ತದೆ.

ಅಲ್ಲಿನವರ ಹತ್ತಿರ ಮೊದಲೇ ಹೇಳಿಬಿಡಿ: ಹೋದ ಸಲ ಹೆದರಿ ಎದ್ದು ಬಂದಿದ್ದೆ ಅಂತ. ಕನ್ನಡವೋ ತುಳುವೋ, ನಿಮಗೆ ಸಲೀಸಾದ ಮಾತಿನಲ್ಲೇ ಹೇಳಿ. ಕಾಲು ಮುಂದಾಗಿ ಒಳಗೆ ಕಳಿಸಲಿಕ್ಕಾಗುತ್ತದಾ, ನಡುನಡುವೆ ಮೈಕಿನಲ್ಲಿ ಮಾತಾಡಿಸುತ್ತೀರಾ, ಮನೆಯವರು ಒಳಗೆ ಕೂರಬಹುದಾ ಅಂತ ಕೇಳಿ. ಕೆಲವು ಕಡೆ ಬಿಡುತ್ತಾರೆ, ಅವರ ಮೈಮೇಲೂ ಲೋಹ ಇರಬಾರದು. ಇಷ್ಟೆಲ್ಲ ಮಾಡಿಯೂ ಆಗುವುದಿಲ್ಲ ಅನಿಸಿದರೆ ಸ್ಕ್ಯಾನ್ ಬರೆದ ಡಾಕ್ಟರಿಗೆ ಈಗಲೇ ಫೋನ್ ಮಾಡಿ, ಹೆದರಿಕೆ ತಗ್ಗಿಸುವ ಮಾತ್ರೆ ಬರೆದುಕೊಡುವುದುಂಟು. ಪಕ್ಕದ ಮನೆಯವರ ನಿದ್ದೆ ಮಾತ್ರೆ ಮಾತ್ರ ಬೇಡ. ಮಾತ್ರೆ ತಗೊಂಡರೆ ಒಬ್ಬರೇ ವಾಪಸ್ ಬರುವುದೂ ಬೇಡ. ಮೈಯೊಳಗೆ ಪೇಸ್‌ಮೇಕರ್, ಕ್ಲಿಪ್ಪು, ರಾಡು, ಕಾಪರ್ ಟಿ ಏನಿದ್ದರೂ ಹೇಳಲೇಬೇಕು.

ರಿಪೋರ್ಟು ಕೈಗೆ ಸಿಕ್ಕಿದ ಮೇಲೆ ತಲಪಾಡಿ ದಾಟುವ ಮೊದಲೇ ಗೂಗಲ್ ಮಾಡುತ್ತಾ ಕೂರಬೇಡಿ. 'ಡಿಸ್ಕ್ ಬಲ್ಜ್' ಅನ್ನುವ ಮಾತು ಅದರಲ್ಲಿ ಇರಬಹುದು, ಬೆನ್ನುಮೂಳೆಗಳ ನಡುವಿನ ಮೆತ್ತೆ ಸ್ವಲ್ಪ ಹೊರಗೆ ಉಬ್ಬಿದೆ ಅಂತ ಅದರ ಅರ್ಥ. ನೋವೇ ಇಲ್ಲದವರ ಸೊಂಟದಲ್ಲೂ ವಯಸ್ಸಾದ ಹಾಗೆ ಅದು ಕಾಣಸಿಗುತ್ತದೆ. ಆ ಕಾಗದವನ್ನು ನಿಮ್ಮ ನೋವಿನ ಜೊತೆ ಸೇರಿಸಿ ಓದಬೇಕಾದವರು ಡಾಕ್ಟರು. ಆದರೆ ನಡುವೆ ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದು ಜೋಮು ಹಿಡಿದರೆ, ಕಾಲಿನ ಬಲ ಹೋದರೆ ಗುರುವಾರಕ್ಕೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಹಾಂ, ಕರಿಮಣಿ, ಬಳೆ, ಹೇರ್‌ಪಿನ್ನು ಎಲ್ಲ ಮನೆಯಲ್ಲೇ ಬಿಚ್ಚಿಡಿ. ಕಾಲುಂಗುರ ಬಿಗಿಯಾಗಿದ್ದರೆ ಬುಧವಾರ ರಾತ್ರಿಯೇ ಸಾಬೂನು ಹಚ್ಚಿ ತೆಗೆಯಿರಿ. ಅಲ್ಲಿ ಕೂತು ಎಳೆದಾಡುವ ಗಡಿಬಿಡಿಯೊಂದು ಕಮ್ಮಿ.