ಬಾಗುವ ಅಳತೆಪಟ್ಟಿ

ಓದುಗರ ಪತ್ರ: ಕಾನೂನಿನ ಮುಂದೆ ಎಲ್ಲರೂ ಸಮಾನರು. ಹಾಗಿದ್ದಮೇಲೆ ‘ಸಾಮಾಜಿಕ ಸಮತೆ’ (ಅವರವರ ಸ್ಥಿತಿಗೆ ತಕ್ಕ ನ್ಯಾಯ) ಅನ್ನುವ ಹೊಸ ಪದ ಯಾಕೆ? ಒಬ್ಬೊಬ್ಬರಿಗೆ ಒಂದೊಂದು ನಿಯಮ ಅಂದರೆ ಪಕ್ಷಪಾತ ಅಲ್ವಾ? (ವಿ.ಸೂ.: ವಯಸ್ಸಾದವರಿಗಾಗಿ ಪತ್ರಿಕೆಯ ಅಕ್ಷರ ಸ್ವಲ್ಪ ದೊಡ್ಡದು ಮಾಡಿ.)

ಸಂಪಾದಕರ ಉತ್ತರ: ನಿಮ್ಮ ಭಯ ಸುಳ್ಳಲ್ಲ. ನಿಯಮ ಬಾಗಿಸುವ ಅಧಿಕಾರ ಸಿಕ್ಕರೆ ಕೆಲವರು ತಮಗೆ ಬೇಕಾದವರ ಕಡೆಗೇ ಬಾಗಿಸುತ್ತಾರೆ. ಒಪ್ಪಿದೆ.

ಆದರೆ ‘ಹೊಸ ಪದ’ ಅಂದಿರಲ್ಲ, ಅಲ್ಲಿ ನನ್ನ ತಕರಾರು. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಲೆಸ್ಬಾಸ್ ದ್ವೀಪದ ಕಲ್ಲುಕೆಲಸದವರನ್ನು ತೋರಿಸಿದ್ದ. ಅವರದು ಸೀಸದ ಅಳತೆಪಟ್ಟಿ. ಕಲ್ಲಿನ ಉಬ್ಬುತಗ್ಗಿಗೆ ತಕ್ಕ ಹಾಗೆ ಬಾಗುತ್ತಿತ್ತು. ಕಾನೂನೂ ಕೆಲವು ಕಡೆ ಹಾಗೆ ಬಾಗಬೇಕು ಅಂದ.

ಸ್ಯಾನ್ ಫ್ರಾನ್ಸಿಸ್ಕೋದ ಶಾಲೆಗಳಲ್ಲಿ ಚೀನೀ ಮೂಲದ ಸುಮಾರು 1,800 ಮಕ್ಕಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅದನ್ನು ಕಲಿಸುವ ಬೇರೆ ಏರ್ಪಾಡೂ ಇರಲಿಲ್ಲ. ಎಲ್ಲರಿಗೂ ಅದೇ ಪುಸ್ತಕ, ಅದೇ ಮೇಷ್ಟ್ರು. ಭೇದ ಎಲ್ಲಿದೆ? ಕೆಳಗಿನ ಕೋರ್ಟುಗಳಿಗೂ ತಪ್ಪು ಕಾಣಲಿಲ್ಲ. 1974ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಕಂಡಿತು. ಅರ್ಥವೇ ಆಗದ ಪಾಠವನ್ನು ಸಮನಾಗಿ ಹಂಚಿದರೆ ಅದು ಸಮಾನತೆ ಅಲ್ಲ ಅಂತ ಒಮ್ಮತದಿಂದ ತೀರ್ಪಾಯಿತು.

ಫಿನ್ಲೆಂಡಿನದು ಇನ್ನೂ ಮಜಾ. 1921ರಿಂದ ಅಲ್ಲಿ ದಿನದ ಆದಾಯ ನೋಡಿ ದಂಡ ಹಾಕುತ್ತಾರೆ. ಜೋರಾಗಿ ಬೈಕ್ ಓಡಿಸಿದ ನೋಕಿಯಾ ಅಧಿಕಾರಿಯೊಬ್ಬರಿಗೆ 2002ರಲ್ಲಿ 1,16,000 ಯೂರೋ ಬಿತ್ತು! ಆಮೇಲೆ ಅಪೀಲಿನಲ್ಲಿ ಇಳಿಯಿತು, ಅದು ಬೇರೆ ಮಾತು. ಎಲ್ಲರಿಗೂ ಒಂದೇ ದಂಡ ಹಾಕಿದರೆ ಬಡವನಿಗೆ ತಿಂಗಳ ಸಂಬಳವೇ ಹೋಗುತ್ತದೆ, ಸಾಹುಕಾರನಿಗೆ ಬರೀ ಚಿಲ್ಲರೆ. ಇದನ್ನು ಸಮ ಅಂತ ಹೇಗೆ ಕರೆಯುವುದು?

ನಾನೊಮ್ಮೆ ಕಾಲು ಮುರಿದುಕೊಂಡು ಒಂದು ಕಚೇರಿಗೆ ಹೋಗಿದ್ದೆ. ಸಹಿ ಮಾಡಬೇಕಾದ ರಿಜಿಸ್ಟರು ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಕೆಳಗೆ ತರಿಸಿ ಅಂದೆ. ಗುಮಾಸ್ತರು ತಲೆಯೆತ್ತದೆ ಹೇಳಿದರು: “ಎಲ್ಲರಿಗೂ ಒಂದೇ ರೂಲ್ಸ್ ಸಾರ್.” ಮೂವತ್ತೆಂಟು ಮೆಟ್ಟಿಲು. ಕೂತು ಕೂತು, ಎಣಿಸಿಕೊಂಡೇ ಹತ್ತಿದೆ.

ಈಗ ಆ ಮೆಟ್ಟಿಲು ಮೊಬೈಲಿಗೆ ಬಂದಿದೆ. ಎಲ್ಲಕ್ಕೂ ಆ್ಯಪ್, ಎಲ್ಲಕ್ಕೂ ಓಟಿಪಿ. ಅರ್ಜಿಯ ಭಾಷೆಯಂತೂ ಅದನ್ನು ಬರೆದವರಿಗೇ ಪ್ರೀತಿ. ಕೌಂಟರ್ ಮುಚ್ಚಿ, ‘ಸೇವೆ ಎಲ್ಲರಿಗೂ ಲಭ್ಯ’ ಅಂತ ಬೋರ್ಡು ಹಾಕುತ್ತಾರೆ.

ಅಂದ ಹಾಗೆ, ಅಕ್ಷರ ದೊಡ್ಡದು ಮಾಡಿ ಅಂದಿದ್ದೀರಿ. ಎಲ್ಲರಿಗೂ ಒಂದೇ ಅಕ್ಷರ ಅಲ್ವಾ, ಮಹರಾಯರೇ? ಇರಲಿ, ಸುಮ್ನೆ ಕಾಲೆಳೆದೆ. ಮುಂದಿನ ಸಂಚಿಕೆಯಿಂದ ದೊಡ್ಡದಾಗುತ್ತದೆ.