ಹಳೆಯ ಎಡ ಟ್ಯಾಕಲ್‌ನನ್ನು ಕಳಿಸಿ ಡ್ರಾಫ್ಟ್‌ನಲ್ಲಿ ಬಂದ ಹುಡುಗನನ್ನು ನಿಲ್ಲಿಸಬಹುದೇ?

ನಿಮ್ಮ ಪ್ರಶ್ನೆ ಓದುತ್ತಿದ್ದರೆ 2015ರಲ್ಲಿ ನಾನೇ ಬರೆದಿದ್ದೇನೋ ಅನ್ನಿಸಿತು. ಅಮೆರಿಕನ್ ಫುಟ್‌ಬಾಲ್‌ನ ನಿಮ್ಮ ತಂಡ ಡ್ರಾಫ್ಟ್‌ನ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದು) ಮೊದಲ ಸುತ್ತಿನಲ್ಲಿ ಟ್ಯಾಕಲ್ ಒಬ್ಬನನ್ನು, ಅಂದರೆ ಲೈನ್‌ನ ಅಂಚಿನಲ್ಲಿ ನಿಂತು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವವನನ್ನು, ಆರಿಸಿದೆ, ಎಡಗಡೆಯ ಹಳಬನಿಗೆ ವಯಸ್ಸಾಗಿದೆ, ಅವನ ಒಪ್ಪಂದವೂ ಮುಗಿಯುತ್ತಾ ಬಂದಿದೆ. ಅವನನ್ನು ಬಿಟ್ಟು ಹುಡುಗನನ್ನು ನಿಲ್ಲಿಸಿದರೆ ಆಗುತ್ತದಾ, ಹುಡುಗ ತಯಾರಾಗಲು ಎಷ್ಟು ವರ್ಷ ಬೇಕು ಅಂತ ಕೇಳಿದ್ದೀರಿ. ಬಿಡಬೇಡಿ ಅನ್ನುವುದೇ ನನ್ನ ಉತ್ತರ. ಯಾಕೆ ಅಂತ ಹೇಳಬೇಕಾದರೆ ಸಿನ್ಸಿನಾಟಿಯ ಕಥೆಯನ್ನು ಪೂರ್ತಿ ಹೇಳಬೇಕು.

ನಾನು ಕೆಲಸದ ಮೇಲೆ ಒಹಾಯೋಗೆ ಬಂದಾಗ ಈ ಆಟದ ಗಂಧಗಾಳಿ ಇರಲಿಲ್ಲ. ಕಲಿಸಿದವರು ಆಫೀಸಿನ ಹಿರಿಯರೊಬ್ಬರು, ಸಿನ್ಸಿನಾಟಿಯಲ್ಲೇ ಹುಟ್ಟಿ ಬೆಳೆದವರು. ಅವರಿಗೆ ಊರಿನ ತಂಡ ಬೆಂಗಾಲ್ಸ್ ಅಂದರೆ ಕ್ವಾರ್ಟರ್‌ಬ್ಯಾಕ್ ಅಲ್ಲ, ಆಂಥೊನಿ ಮುನ್ಯೋಸ್. 1980ರ ಡ್ರಾಫ್ಟ್‌ನಲ್ಲಿ ಮೂರನೆಯವನಾಗಿ ಬಂದ ಎಡ ಟ್ಯಾಕಲ್. ಕಾಲೇಜಿನಲ್ಲೇ ಮೊಣಕಾಲು ಕೆಟ್ಟಿತ್ತು, ಇವನ ಮೇಲೆ ಯಾಕಪ್ಪಾ ಇಷ್ಟು ದೊಡ್ಡ ಆಯ್ಕೆ ಅಂತ ಅನುಮಾನ ಪಟ್ಟವರಿದ್ದರು. 13 ಸೀಸನ್ ಆಡಿ 1998ರಲ್ಲಿ ಹಾಲ್ ಆಫ್ ಫೇಮ್‌ಗೆ ಹೋದ. ಹೀಗಾಗಿ ಈ ಊರಿನವರಿಗೆ ಮೊದಲ ಸುತ್ತಿನ ಟ್ಯಾಕಲ್ ಅಂದರೆ ಅರ್ಧ ದೇವರು. ನನಗೂ ಅದೇ ನಂಬಿಕೆ ಅಂಟಿಕೊಂಡಿತು.

2015ರಲ್ಲಿ ಬೆಂಗಾಲ್ಸ್ 21ನೇ ಆಯ್ಕೆಯಲ್ಲಿ ಟೆಕ್ಸಸ್ ಎ ಆಂಡ್ ಎಂ ಕಾಲೇಜಿನ ಸೆಡ್ರಿಕ್ ಒಬ್ವೇಹಿಯನ್ನು ತೆಗೆದುಕೊಂಡಿತು. ಎರಡನೇ ಸುತ್ತಿನಲ್ಲಿ ಒರೆಗಾನ್‌ನ ಜೇಕ್ ಫಿಶರ್. ಇಬ್ಬರೂ ಟ್ಯಾಕಲ್‌ಗಳೇ. ಆಗ ಎಡಗಡೆ ಆಂಡ್ರ್ಯೂ ವಿಟ್ವರ್ತ್, ಬಲಗಡೆ ಆಂಡ್ರೆ ಸ್ಮಿತ್ ಇದ್ದರು. ತಂಡ ವರ್ಷವರ್ಷವೂ ಪ್ಲೇಆಫ್‌ಗೆ ಹೋಗುತ್ತಿತ್ತು. ಎಲ್ಲ ಚೆನ್ನಾಗಿರುವಾಗಲೇ ಮುಂದಿನದನ್ನು ಯೋಚಿಸಿದ್ದಾರೆ, ಇದಕ್ಕಿಂತ ಒಳ್ಳೆಯ ಯೋಜನೆ ಇರಲು ಸಾಧ್ಯವೇ ಇಲ್ಲ ಅಂತ ನಾನು ಎಲ್ಲರ ಹತ್ತಿರ ವಾದ ಮಾಡುತ್ತಿದ್ದೆ.

ನಾನು ಎಲ್ಲಿ ಎಡವಿದೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಬರೆದಿರುವ ಪ್ರತಿ ಸಾಲಿನಲ್ಲೂ ಅದು ಕಾಣುತ್ತಿದೆ. ಡ್ರಾಫ್ಟ್ ಆದ ದಿನವೇ ಆ ಇಬ್ಬರನ್ನು ತಯಾರಾದ ಆಟಗಾರರು ಅಂತ ಲೆಕ್ಕಕ್ಕೆ ಹಿಡಿದುಬಿಟ್ಟೆ. 21 ಅನ್ನುವ ಸಂಖ್ಯೆ ಹೇಳುವುದು, ಆ ದಿನ ಆ ತಂಡಕ್ಕೆ ಅವನ ಮೇಲೆ ಎಷ್ಟು ಆಸೆ ಇತ್ತು ಅನ್ನುವುದನ್ನು ಮಾತ್ರ. ನಾನು ಅದನ್ನು ಅವನ ಆಟದ ಅಳತೆ ಅಂದುಕೊಂಡೆ. ಒಬ್ವೇಹಿ ಕಾಲೇಜಿನ ಕೊನೆಯ ಪಂದ್ಯದಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು ಬಂದಿದ್ದ, ಮೊದಲ ವರ್ಷ ಹೆಚ್ಚು ಕಡಿಮೆ ಕೂತೇ ಕಳೆಯಬೇಕಿತ್ತು. ಅದನ್ನೂ ನಾನು ಲಾಭದ ಕಡೆಗೇ ಬರೆದುಕೊಂಡೆ: ವಿಟ್ವರ್ತ್ ಪಕ್ಕದಲ್ಲಿ ನಿಂತು ಒಂದು ವರ್ಷ ಕಲಿಯುತ್ತಾನೆ, ಇನ್ನೇನು ಬೇಕು ಅಂತ. ಆದರೆ ಈ ಕೆಲಸ ನೋಡಿ ಕಲಿಯುವಂಥದ್ದಲ್ಲ. ಎದುರಿಗೆ ಬರುವ ನೂರಿಪ್ಪತ್ತು ಕಿಲೋ ಮನುಷ್ಯನ ಎದೆಗೆ ಕೈ ಎಲ್ಲಿ ಬೀಳಬೇಕು, ಅವನ ಭಾರ ಯಾವ ಕಾಲಿಗೆ ಹೋಯಿತು ಅನ್ನುವುದು ಮೈಗೆ ಮೈ ತಾಗಿಯೇ ಬರಬೇಕು. 2011ರಲ್ಲಿ ಆಟಗಾರರ ಸಂಘ ಮತ್ತು ಲೀಗ್ ನಡುವೆ ಆದ ಒಪ್ಪಂದದ ನಂತರ ಪ್ಯಾಡ್ ಕಟ್ಟಿಕೊಂಡು ಮಾಡುವ ಅಭ್ಯಾಸವನ್ನು ಇಡೀ ಸೀಸನ್ನಿಗೆ 14ಕ್ಕೆ ಇಳಿಸಿದರು. ಆಟಗಾರರ ಆರೋಗ್ಯಕ್ಕೆ ಅದು ಬೇಕಾಗಿತ್ತು, ನನ್ನ ತಕರಾರಿಲ್ಲ. ಆದರೆ ಹುಡುಗ ಲೈನ್‌ಮನ್‌ಗೆ ಕಲಿಯುವ ಹೊತ್ತೇ ಕಡಿಮೆಯಾಯಿತು. ಕಾಲೇಜುಗಳಲ್ಲಿ ಬೇರೆ ಹೆಚ್ಚಿನವರು ಆಟಗಾರರನ್ನು ಮೈದಾನದ ಅಗಲಕ್ಕೂ ಹರಡಿ ನಿಲ್ಲಿಸುವ ಸ್ಪ್ರೆಡ್ ಆಟ ಆಡುತ್ತಾರೆ, ಚೆಂಡು ಬೇಗ ಕೈಬಿಡುತ್ತದೆ, ನೆಲಕ್ಕೆ ಕೈ ಊರಿ ನಿಲ್ಲುವುದನ್ನೇ ಎಷ್ಟೋ ಹುಡುಗರು ಇಲ್ಲಿಗೆ ಬಂದ ಮೇಲೆ ಕಲಿಯುತ್ತಾರೆ.

ಎಡವಿದ್ದು ಅಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. 2016ರಲ್ಲಿ ಒಬ್ವೇಹಿಯನ್ನು ಬಲಗಡೆ ಆಡಿಸಿದರು, ಆಗಲಿಲ್ಲ, ಸೀಸನ್ ನಡುವೆ ಬೆಂಚಿಗೆ ಕೂರಿಸಿದರು. ಕಣ್ಣೆದುರಿಗೇ ಪುರಾವೆ ಇತ್ತು. ನಾನು ಅದಕ್ಕೂ ಸಮಜಾಯಿಷಿ ಹುಡುಕಿದೆ: ಅವನು ಹುಟ್ಟಾ ಎಡಗಡೆಯವನು, ಬಲಕ್ಕೆ ಹೋದರೆ ಕಾಲಿನ ಕೆಲಸವೆಲ್ಲ ತಿರುಗಾಮುರುಗಾ, ಅವನ ಜಾಗ ಅವನಿಗೆ ಕೊಟ್ಟರೆ ಸರಿಹೋಗುತ್ತಾನೆ. ಈ ಮಾತು ಸುಳ್ಳಲ್ಲ, ಎಡ ಬಲದ ವ್ಯತ್ಯಾಸ ನಿಜವಾಗಿಯೂ ದೊಡ್ಡದು. ಆದರೆ ಅವನಿಗೆ ಜಾಗ ಖಾಲಿಯಾಗಬೇಕು ಅನ್ನುವ ಆತುರದಲ್ಲಿ ಆ ಜಾಗದಲ್ಲಿ ನಿಂತಿದ್ದವನನ್ನು ನಾನು ನೋಡಲೇ ಇಲ್ಲ. ವಿಟ್ವರ್ತ್ 2015ರಲ್ಲಿ ಲೀಗ್‌ನ ಅತ್ಯುತ್ತಮರ ಪಟ್ಟಿಯಾದ ಆಲ್-ಪ್ರೊ ಮೊದಲ ತಂಡದಲ್ಲಿದ್ದ. ನನಗೆ ಕಂಡಿದ್ದು ಅವನ ವಯಸ್ಸು ಮಾತ್ರ.

2017ರ ಮಾರ್ಚ್‌ನಲ್ಲಿ ವಿಟ್ವರ್ತ್ ಲಾಸ್ ಏಂಜಲೀಸ್ ರ‍್ಯಾಮ್ಸ್ ಸೇರಿದ. ಅದೇ ವಾರ ಬಲ ಗಾರ್ಡ್ (ಬಲ ಟ್ಯಾಕಲ್‌ನ ಒಳಪಕ್ಕದಲ್ಲಿ ನಿಲ್ಲುವವನು) ಕೆವಿನ್ ಝೈಟ್ಲರ್ ಕ್ಲೀವ್‌ಲ್ಯಾಂಡ್‌ಗೆ ಹೋದ. ಆಫೀಸಿನ ಹಿರಿಯರು ಒಂದೇ ಮಾತು ಹೇಳಿದರು: "ವಿಟ್ವರ್ತ್ ಜಾಗವನ್ನು ಇನ್ನೂ ಯಾರೂ ಗೆದ್ದುಕೊಂಡಿಲ್ಲವಲ್ಲ." ನಾನು ಕೇಳಲಿಲ್ಲ. ಹೊಸ ಲೈನ್ ಬೆಳೆಯುವುದನ್ನು ಮೊದಲ ದಿನದಿಂದ ನೋಡಬೇಕು ಅಂತ ಆ ವರ್ಷ ನನಗೂ ಮಗಳಿಗೂ ಇಡೀ ಸೀಸನ್ನಿನ ಟಿಕೆಟ್ ತೆಗೆದುಕೊಂಡೆ. ಮೈದಾನದ ತುದಿಯ ಎಂಡ್ ಝೋನ್ ಹಿಂದೆ, ಮೇಲಿನ ಅಂತಸ್ತು. ಲೈನ್ ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ಟಿವಿಯಲ್ಲಿ ಕಾಣದ್ದೆಲ್ಲ ಅಲ್ಲಿಂದ ಕಾಣುತ್ತದೆ.

ಆ ವರ್ಷ ಅಲ್ಲಿಂದ ನಾನು ಮತ್ತೆ ಮತ್ತೆ ನೋಡಿದ್ದು ಸ್ಟಂಟ್. ಎದುರಿನ ಡಿಫೆನ್ಸಿವ್ ಟ್ಯಾಕಲ್ ಹೊರಕ್ಕೆ ನುಗ್ಗಿ ನಮ್ಮ ಎಡ ಟ್ಯಾಕಲ್‌ಗೆ ಅಪ್ಪಳಿಸುತ್ತಾನೆ, ಅಂಚಿನಲ್ಲಿದ್ದ ಎಂಡ್ ಅವನ ಬೆನ್ನ ಹಿಂದೆ ಸುತ್ತಿ ಒಳಗೆ ಬರುತ್ತಾನೆ. ನಮ್ಮ ಗಾರ್ಡ್ ತನ್ನವನನ್ನು ಟ್ಯಾಕಲ್‌ಗೆ ಒಪ್ಪಿಸಬೇಕು, ಟ್ಯಾಕಲ್ ತನ್ನವನನ್ನು ಗಾರ್ಡ್‌ಗೆ ಒಪ್ಪಿಸಬೇಕು. ಇದು ನಡೆಯಬೇಕಾದರೆ ಇಬ್ಬರ ಭುಜ ಒಂದೇ ಸಾಲಿನಲ್ಲಿರಬೇಕು. ವಿಟ್ವರ್ತ್ ಇದ್ದಾಗ ಅವನೂ ಎಡ ಗಾರ್ಡ್ ಕ್ಲಿಂಟ್ ಬೋಲಿಂಗ್‌ನೂ ಗೆರೆ ಎಳೆದ ಹಾಗೆ ಹಿಂದೆ ಸರಿಯುತ್ತಿದ್ದರು. ಒಳಗೆ ತಿರುಗುವವನಿಗೆ ವಿಟ್ವರ್ತ್ ಒಳಗೈಯಿಂದ ಒಂದು ತಳ್ಳು ಕೊಡುತ್ತಿದ್ದ, ಅಷ್ಟರಲ್ಲಿ ಬೋಲಿಂಗ್ ತಿರುಗಿ ನಿಂತಿರುತ್ತಿದ್ದ. 2017ರಲ್ಲೂ ಗಾರ್ಡ್ ಅದೇ ಬೋಲಿಂಗ್. ಆದರೆ ವಿಟ್ವರ್ತ್ ಜಾಗಕ್ಕೆ ಬಂದಿದ್ದ ಒಬ್ವೇಹಿ ಅಂಚಿನ ವೇಗಕ್ಕೆ ಹೆದರಿ ಬೇಗ ಬೇಗ ಹಿಂದೆ ಸರಿಯುತ್ತಿದ್ದ, ಇಬ್ಬರ ನಡುವೆ ಒಬ್ಬ ಮನುಷ್ಯ ತೂರುವಷ್ಟು ಸಂದು. ಒಪ್ಪಿಸುವುದಕ್ಕೆ ಕೈಗೆ ಸಿಕ್ಕರೆ ತಾನೆ? ಆಗ ಕೆಟ್ಟವನಾಗಿ ಕಾಣುತ್ತಿದ್ದವನು ಬೋಲಿಂಗ್.

ಮನೆಯಂಗಳದ ಮೊದಲ ಎರಡು ಪಂದ್ಯಗಳಲ್ಲಿ ಒಂದೇ ಒಂದು ಟಚ್‌ಡೌನ್ ಬರಲಿಲ್ಲ. ರೇವನ್ಸ್ ವಿರುದ್ಧ 20-0, ನಾಲ್ಕೇ ದಿನದಲ್ಲಿ ಟೆಕ್ಸನ್ಸ್ ವಿರುದ್ಧ 13-9, ಎರಡೂ ಸೋಲು. ಮರುದಿನವೇ ಆಕ್ರಮಣದ ಹೊಣೆ ಹೊತ್ತ ಕೋಚ್, ಆಫೆನ್ಸಿವ್ ಕೋಆರ್ಡಿನೇಟರ್‌ನನ್ನು ತೆಗೆದುಹಾಕಿದರು. ಸೀಸನ್ 7-9ಕ್ಕೆ, ಅಂದರೆ 7 ಗೆಲುವು 9 ಸೋಲಿಗೆ ಮುಗಿಯಿತು. ಮಗಳು ಸೀಸನ್ ಮುಗಿಯುವ ಮೊದಲೇ "ನೀನೊಬ್ಬನೇ ಹೋಗಪ್ಪಾ" ಅಂದಳು. ಟಿಕೆಟ್ ದುಡ್ಡು ಹೋದದ್ದಕ್ಕಿಂತ ಅದು ನೋವಾಯಿತು. ಅತ್ತ ರ‍್ಯಾಮ್ಸ್ ಹಿಂದಿನ ವರ್ಷ 4-12 ಇದ್ದದ್ದು 11-5ಕ್ಕೆ ಏರಿತು, ವಿಟ್ವರ್ತ್ ಮತ್ತೆ ಆಲ್-ಪ್ರೊ ಮೊದಲ ತಂಡಕ್ಕೆ ಬಂದ.

ಅಲ್ಲಿಂದ ಮುಂದೆ ಪ್ರತಿ ವಸಂತದಲ್ಲೂ ಹೊಸ ಹುಡುಗ, ಹೊಸ ಆಸೆ. 2018ರಲ್ಲಿ ಮೊದಲ ಸುತ್ತಿಗೆ ಸೆಂಟರ್ ಬಿಲ್ಲಿ ಪ್ರೈಸ್. 2019ರಲ್ಲಿ 11ನೇ ಆಯ್ಕೆ ಜೋನಾ ವಿಲಿಯಮ್ಸ್, ಭುಜದ ಶಸ್ತ್ರಚಿಕಿತ್ಸೆಯಿಂದ ಮೊದಲ ವರ್ಷ ಪೂರ್ತಿ ಹೊರಗೆ. 2020ರಲ್ಲಿ ಕ್ವಾರ್ಟರ್‌ಬ್ಯಾಕ್ ಜೋ ಬರೋ ಬಂದ, ನವೆಂಬರ್‌ನಲ್ಲಿ ವಾಷಿಂಗ್ಟನ್ ವಿರುದ್ಧ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು ಹೊರಬಿದ್ದ. ಆಗ ಶುರುವಾಯಿತು ಇಡೀ ಊರಿನ ಜಗಳ: 2021ರ ಐದನೇ ಆಯ್ಕೆಯಲ್ಲಿ ರಿಸೀವರ್ ಜಮಾರ್ ಚೇಸ್ ಬೇಕೋ, ಟ್ಯಾಕಲ್ ಪೆನೇ ಸೂವೆಲ್ ಬೇಕೋ? ತಂಡ ಚೇಸ್‌ನನ್ನು ಆರಿಸಿತು, ಸೂವೆಲ್ ಏಳನೆಯವನಾಗಿ ಡೆಟ್ರಾಯಿಟ್‌ಗೆ ಹೋದ. ಎರಡನೇ ಸುತ್ತಿನಲ್ಲಿ ನಮಗೆ ಸಿಕ್ಕಿದ್ದು ಜಾಕ್ಸನ್ ಕಾರ್ಮನ್, ಪಕ್ಕದ ಫೇರ್‌ಫೀಲ್ಡ್‌ನ ಹುಡುಗ. ಕ್ಲೆಮ್ಸನ್‌ನಲ್ಲಿ ಎಡ ಟ್ಯಾಕಲ್ ಆಗಿದ್ದವನನ್ನು ಬಂದ ಕೂಡಲೇ ಗಾರ್ಡ್ ಮಾಡಿದರು. ಊರ ಹುಡುಗ ಅನ್ನುವ ಅಕ್ಕರೆ ಎಲ್ಲರಿಗೂ ಇತ್ತು, ಆದರೆ ಜಾಗ ಉಳಿಸಿಕೊಳ್ಳಲು ಆಗಲಿಲ್ಲ.

ಆ ಸೀಸನ್ನಿನಲ್ಲಿ ಬರೋ 51 ಸಲ ಸ್ಯಾಕ್ ಆದ, ಅಂದರೆ ಚೆಂಡು ಎಸೆಯುವ ಮೊದಲೇ ಕೆಡವಿಸಿಕೊಂಡ, ಲೀಗ್‌ನಲ್ಲೇ ಅತಿ ಹೆಚ್ಚು. ಪ್ಲೇಆಫ್‌ನಲ್ಲಿ ಟೈಟನ್ಸ್ ಒಂದೇ ಪಂದ್ಯದಲ್ಲಿ 9 ಸಲ ಕೆಡವಿದರು, ಆದರೂ 19-16ಕ್ಕೆ ಗೆದ್ದೆವು. 2022ರ ಫೆಬ್ರವರಿ 13ರಂದು ಅಂತಿಮ ಪಂದ್ಯ, ಸೂಪರ್ ಬೌಲ್. ಎದುರಿಗೆ ರ‍್ಯಾಮ್ಸ್. 7 ಸ್ಯಾಕ್. ಕೊನೆಗೆ ಕೊನೆಯ ಅವಕಾಶವಾದ ನಾಲ್ಕನೇ ಡೌನ್‌ನಲ್ಲಿ ಒಂದೇ ಗಜ ಬೇಕಿದ್ದಾಗ ಅವರ ಡಿಫೆನ್ಸಿವ್ ಟ್ಯಾಕಲ್ ಆರನ್ ಡೊನಾಲ್ಡ್ ಬರೋನನ್ನು ಹಿಡಿದು ತಿರುಗಿಸಿದ, ಚೆಂಡು ನೆಲಕ್ಕೆ ಬಿತ್ತು, 23-20ಕ್ಕೆ ಸೋತೆವು. ಆ ಕಡೆಯ ಎಡ ಟ್ಯಾಕಲ್ ಯಾರು ಹೇಳಿ? ಆಂಡ್ರ್ಯೂ ವಿಟ್ವರ್ತ್, 40 ವರ್ಷ. ನಾವು ಮುದುಕ ಅಂತ ಕಳಿಸಿ ಐದು ಸೀಸನ್ ಆಗಿತ್ತು.

ಮರುದಿನ ಎಲ್ಲರೂ ಸೂವೆಲ್‌ನನ್ನು ಆರಿಸಬೇಕಿತ್ತು ಅಂದರು. ನಾನು ಇದನ್ನು ಒಪ್ಪುವುದಿಲ್ಲ, ನಿಮ್ಮ ಪ್ರಶ್ನೆಯನ್ನು ಒಪ್ಪದಿರುವುದೂ ಇದೇ ಕಾರಣಕ್ಕೆ. ಸೂವೆಲ್ ಅಪ್ಪಟ ಆಟಗಾರ, 2023, 2024ರಲ್ಲಿ ಆಲ್-ಪ್ರೊ ಮೊದಲ ತಂಡದಲ್ಲಿದ್ದ. ಆದರೆ ಡೊನಾಲ್ಡ್ ನಿಲ್ಲುತ್ತಿದ್ದದ್ದು ಗಾರ್ಡ್‌ಗಳ ಎದುರು. ಅಂಚಿನಲ್ಲಿ ಎಂಥ ಟ್ಯಾಕಲ್ ಇದ್ದರೂ ನಡುವಿನ ಸಂದು ಮುಚ್ಚುವುದಿಲ್ಲ. ಗದ್ದೆಯ ಬದು ಎಲ್ಲಿ ಸಡಿಲವೋ ನೀರು ಅಲ್ಲೇ ಒಡೆದುಕೊಂಡು ಹೋಗುತ್ತದೆ, ಉಳಿದ ನಾಲ್ಕು ಕಡೆ ಎಷ್ಟು ಗಟ್ಟಿ ಅನ್ನುವುದನ್ನು ಅದು ಕೇಳುವುದಿಲ್ಲ. ಚೇಸ್ ಇಲ್ಲದಿದ್ದರೆ ನಾವು ಆ ಪಂದ್ಯದವರೆಗೆ ಹೋಗುತ್ತಲೇ ಇರಲಿಲ್ಲ. ತಪ್ಪಾದದ್ದು 2021ರ ಡ್ರಾಫ್ಟ್‌ನಲ್ಲಲ್ಲ. ಆಡುತ್ತಿದ್ದ ಇಬ್ಬರನ್ನು ಒಟ್ಟಿಗೆ ಕಳಿಸಿ, ಬರಲಿರುವವರ ಮೇಲೆ ಲೈನ್ ಕಟ್ಟಲು ಹೊರಟ 2017ರಲ್ಲಿ.

ಹಾಗಾಗಿ "ಡ್ರಾಫ್ಟ್‌ನಿಂದ ಕಟ್ಟಬೇಕೋ, ಫ್ರೀ ಏಜೆಂಟ್‌ಗಳಿಂದ (ಒಪ್ಪಂದ ಮುಗಿದು ಬಿಡುವಾಗಿರುವವರಿಂದ) ಕಟ್ಟಬೇಕೋ" ಅಂತ ನೀವು ಕೇಳಿರುವುದರಲ್ಲಿ ನನಗೆ ಆಸಕ್ತಿ ಇಲ್ಲ. ಹುಡುಗ ಬರುವಾಗ ಅವನ ಮುಂದೆ ಯಾರಿದ್ದಾರೆ, ಅವನಿಗೆ ಕಲಿಸುವವರು ಯಾರು? ಅಷ್ಟನ್ನು ಕೇಳಿ. ಫಿಲಡೆಲ್ಫಿಯಾ ನೋಡಿ. 2018ರಲ್ಲಿ ಏಳನೇ ಸುತ್ತಿನ 233ನೇ ಆಯ್ಕೆಯಾಗಿ ಜೋರ್ಡನ್ ಮೈಲಾಟಾ ಬಂದ, ಆಸ್ಟ್ರೇಲಿಯಾದ ರಗ್ಬಿ ಲೀಗ್ ಹುಡುಗ, ಅಮೆರಿಕನ್ ಫುಟ್‌ಬಾಲ್ ಒಂದು ಪಂದ್ಯವನ್ನೂ ಆಡಿದವನಲ್ಲ. ಎಡಗಡೆ ಜೇಸನ್ ಪೀಟರ್ಸ್ ಇದ್ದ, ಅವನಿಗೂ 36. ಅವರು ಪೀಟರ್ಸ್‌ನನ್ನು ಓಡಿಸಲಿಲ್ಲ. ಮೈಲಾಟಾ ಎರಡು ಸೀಸನ್ ಲೀಗ್ ಪಂದ್ಯದಲ್ಲಿ ಕಾಲಿಡಲಿಲ್ಲ, ಲೈನ್ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್ ಕೈಕೆಳಗೆ ಕಲಿಯುತ್ತಾ ಇದ್ದ. ನಡುವೆ 2019ರಲ್ಲಿ ಪೀಟರ್ಸ್ ನಂತರಕ್ಕೆ ಅಂತಲೇ ಮೊದಲ ಸುತ್ತಿನಲ್ಲಿ ಆಂಡ್ರೆ ಡಿಲ್ಲಾರ್ಡ್‌ನನ್ನು ತಂದರು. 2021ರ ಕ್ಯಾಂಪ್‌ನಲ್ಲಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿದರು. ಗೆದ್ದವನು ಏಳನೇ ಸುತ್ತಿನವನು. ಮೊದಲ ಸುತ್ತಿನ ಖರ್ಚಿನ ಮೋಹಕ್ಕೆ ಬೀಳದೆ ಆ ತಂಡ ಗೆದ್ದವನಿಗೇ ಜಾಗ ಕೊಟ್ಟಿತು, ನಾನು ಬಹಳ ಮೆಚ್ಚುವುದು ಅದನ್ನು. ಅದೇ ಮೈಲಾಟಾ ಎಡಗಡೆ ನಿಂತು 2025ರ ಫೆಬ್ರವರಿಯಲ್ಲಿ ಚೀಫ್ಸ್ ವಿರುದ್ಧ 40-22ರ ಸೂಪರ್ ಬೌಲ್ ಗೆದ್ದ.

ವಿಟ್ವರ್ತ್ ಕೂಡ ಮೊದಲ ಸುತ್ತಿನವನಲ್ಲ, 2006ರ 55ನೇ ಆಯ್ಕೆ. ಮೊದಲ ವರ್ಷಗಳಲ್ಲಿ ಗಾರ್ಡ್ ಆಗಿಯೂ ಆಡಿದ, 2009ರಲ್ಲಿ ಎಡ ಟ್ಯಾಕಲ್ ಜಾಗ ಅವನದಾಯಿತು. ಎಷ್ಟು ವರ್ಷ ಬೇಕು ಅಂತ ಕೇಳಿದ್ದಿರಲ್ಲ, ನನ್ನ ಲೆಕ್ಕ ಮೂರು. ಮೂರನೇ ವರ್ಷದವರೆಗೆ ಯಾವ ಹುಡುಗನನ್ನೂ ದಂಡ ಅನ್ನಬೇಡಿ, ಸಿಕ್ಕಿಬಿಟ್ಟ ಅಂತಲೂ ಅನ್ನಬೇಡಿ. ತೋಳು 34 ಇಂಚು ಇಲ್ಲ ಅಂತ ನೀವು ಚಿಂತೆ ಮಾಡಿದ್ದೀರಿ, ಅದನ್ನು ಬಿಟ್ಟುಬಿಡಿ. ರಶಾನ್ ಸ್ಲೇಟರ್ ತೋಳು 33 ಇಂಚು, 2021ರಿಂದ ಚಾರ್ಜರ್ಸ್‌ನ ಎಡ ಟ್ಯಾಕಲ್. ಅಳತೆಗಿಂತ ಅವನ ಭುಜ ಗಾರ್ಡ್‌ನ ಭುಜದ ಸಾಲಿನಲ್ಲಿ ಇದೆಯಾ ಅಂತ ನೋಡಿ, ಚೆಂಡು ಸ್ನ್ಯಾಪ್ ಆದ (ಹಿಂದಕ್ಕೆ ಕೊಟ್ಟು ಆಟ ಶುರುವಾದ) ಮೇಲೆ ಎರಡು ಸೆಕೆಂಡ್ ಕ್ವಾರ್ಟರ್‌ಬ್ಯಾಕ್ ಮೇಲಿಂದ ಕಣ್ಣು ತೆಗೆದರೆ ಸಾಕು.

ನಮ್ಮವರೂ ಕಲಿತರು ಅನ್ನಿಸುತ್ತದೆ. 2024ರಲ್ಲಿ 18ನೇ ಆಯ್ಕೆಯಾಗಿ ಬಂದ ಅಮೇರಿಯಸ್ ಮಿಮ್ಸ್ ಜಾರ್ಜಿಯಾದಲ್ಲಿ ಆರಂಭಿಕನಾಗಿ ಆಡಿದ್ದು ಬರೀ 8 ಪಂದ್ಯ. ಅವನ ಮುಂದೆ ಟ್ರೆಂಟ್ ಬ್ರೌನ್ ಅನ್ನುವ ಹಳಬನನ್ನು ಬಲಗಡೆ ನಿಲ್ಲಿಸಿಕೊಂಡೇ ಸೀಸನ್ ಶುರು ಮಾಡಿದರು. ಮೂರನೇ ಪಂದ್ಯದಲ್ಲಿ ಬ್ರೌನ್ ಗಾಯಗೊಂಡು ಮಿಮ್ಸ್ ಬೇಗ ಒಳಗೆ ಬರಬೇಕಾಯಿತು, ಅದು ಬೇರೆ ಮಾತು.

ನಿಮ್ಮ ತಂಡದ ವಿಷಯಕ್ಕೆ ಬಂದರೆ, ಹಳಬನಿಗೆ ಎರಡು ವರ್ಷದ ಒಪ್ಪಂದ ಕೊಡಲಿ. ದುಡ್ಡು ಜಾಸ್ತಿ ಅನ್ನಿಸಿದರೂ ಕೊಡಲಿ. ಹುಡುಗನನ್ನು ಈ ವರ್ಷ ಬಲಗಡೆಗೆ ದೂಡದೆ ಅವನು ಕಲಿತ ಕಡೆಯಲ್ಲೇ ಇಟ್ಟುಕೊಂಡು, ಪ್ರತಿ ಕ್ಯಾಂಪ್‌ನಲ್ಲೂ ಹಳಬನ ಎದುರು ನಿಲ್ಲಿಸಲಿ. ಮುಂದಿನ ಡ್ರಾಫ್ಟ್‌ನಲ್ಲಿ ಇನ್ನೊಬ್ಬ ಟ್ಯಾಕಲ್ ಬೇಡ. ನೀವೇ ಬರೆದ ಪ್ರಕಾರ ನಿಮ್ಮ ಎಡ ಗಾರ್ಡ್ ವರ್ಷಕ್ಕೊಬ್ಬ ಬದಲಾಗುತ್ತಿದ್ದಾನೆ, ಮೂರನೇ ಸುತ್ತಿನೊಳಗೆ ಆ ಜಾಗಕ್ಕೆ ಒಬ್ಬನನ್ನು ತಂದು ಆ ಹುಡುಗನ ಪಕ್ಕದಲ್ಲೇ ಬೆಳೆಸಲಿ.