ಡೊನಾಲ್ಡ್ ಬರ್ಡ್ ಮೇಷ್ಟ್ರಾಗಿದ್ದು ಯಾಕೆ?

ಶಿರಸಿಯ ಓದುಗರೊಬ್ಬರ ಪತ್ರ: ‘ಕಳೆದ ಸಂಚಿಕೆಯಲ್ಲಿ ಡೊನಾಲ್ಡ್ ಬರ್ಡ್ ಅವರನ್ನು ದೊಡ್ಡ ಜಾಜ್ ಟ್ರಂಪೆಟ್ ವಾದಕ ಎಂದು ಹೊಗಳಿದ್ದೀರಿ. ಅಷ್ಟು ಚೆನ್ನಾಗಿ ನುಡಿಸುವವರು ಪಾಠ ಹೇಳಲು ಯಾಕೆ ಹೋದರು? ಕಛೇರಿ ಕಡಿಮೆಯಾದ ಮೇಲೆ ತಾನೇ ಕಲಾವಿದರು ಮೇಷ್ಟ್ರಾಗೋದು? ಕೊನೆಗೆ ದುಡ್ಡಿಗಾಗಿ ಜಾಜ್ ಬಿಟ್ಟರು ಅಂತಲೂ ಓದಿದ್ದೇನೆ.’

ಸಂಪಾದಕರ ಉತ್ತರ:

ಇಲ್ಲ, ಬರ್ಡ್ ವಿಷಯದಲ್ಲಿ ಹಾಗಾಗಲಿಲ್ಲ. ನುಡಿಸುವುದು, ಓದುವುದು ಎರಡೂ ಅವರಿಗೆ ಮೊದಲಿನಿಂದ ಒಟ್ಟಿಗೇ ಇದ್ದವು. ಹುಟ್ಟಿದ್ದು 1932ರಲ್ಲಿ, ಡೆಟ್ರಾಯಿಟ್‌ನಲ್ಲಿ. ಅಪ್ಪ ಚರ್ಚಿನ ಪಾದ್ರಿ. ಹೈಸ್ಕೂಲು ಮುಗಿಸುವ ಮೊದಲೇ ಲಯನೆಲ್ ಹ್ಯಾಂಪ್ಟನ್ ತಂಡದಲ್ಲಿ ನುಡಿಸಿದ ಹುಡುಗ, ಆಮೇಲೆ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದರು. ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲಿ ಓದುತ್ತಲೇ ಆರ್ಟ್ ಬ್ಲೇಕಿ ಅವರ ಜಾಜ್ ಮೆಸೆಂಜರ್ಸ್ ತಂಡ ಸೇರಿದರು. ಅಷ್ಟಕ್ಕೇ ನಿಲ್ಲಲಿಲ್ಲ. 1963ರಲ್ಲಿ, ಆಗಲೇ ಹೆಸರು ಮಾಡಿದ್ದ ವಾದಕ, ಪ್ಯಾರಿಸ್‌ಗೆ ಹೋಗಿ ಹೆಸರಾಂತ ಸಂಗೀತ ಶಿಕ್ಷಕಿ ನಾದಿಯಾ ಬುಲಾಂಜೆ ಅವರ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕೂತರು. ಕಾನೂನು ಪದವಿ ಬಂದಿದ್ದು 1976ರಲ್ಲಿ, ಕೊಲಂಬಿಯಾದ ಟೀಚರ್ಸ್ ಕಾಲೇಜಿನ ಡಾಕ್ಟರೇಟ್ 1982ರಲ್ಲಿ.

ಕಾಲೇಜಿನ ಕೆಲಸ ಸಿಗುವ ಮೊದಲೇ ಅವರೊಳಗೆ ಮೇಷ್ಟ್ರಿದ್ದರು. 1960ರ ಚಳಿಗಾಲ, ಶಿಕಾಗೋ ತುಂಬ ಹಿಮ. ಬರ್ಡ್ ತಂಡದ ಪಿಯಾನೋ ನುಡಿಸುವವರು ಬರಲಾಗದೆ, ಅವರ ಜಾಗಕ್ಕೆ ಇಪ್ಪತ್ತು ವರ್ಷದ ಹರ್ಬಿ ಹ್ಯಾನ್‌ಕಾಕ್ ಬಂದರು. ಬರ್ಡ್ ಆ ಹುಡುಗನನ್ನು ನ್ಯೂಯಾರ್ಕಿಗೆ ಕರೆದು, ಬ್ರಾಂಕ್ಸ್‌ನ ತಮ್ಮ ಮನೆಯಲ್ಲೇ ಇರಿಸಿಕೊಂಡರು. ಹ್ಯಾನ್‌ಕಾಕ್ ಅವರ ಮೊದಲ ಆಲ್ಬಮ್ಮಿನ ಹೊತ್ತಿಗೆ ಒಂದು ಮಾತು ಹೇಳಿದರು: ನಿನ್ನ ರಚನೆಯ ಪಬ್ಲಿಷಿಂಗ್ ಹಕ್ಕನ್ನು ಕಂಪನಿಗೆ ಬಿಟ್ಟುಕೊಡಬೇಡ, ನೀನೇ ಇಟ್ಟುಕೋ. ಹ್ಯಾನ್‌ಕಾಕ್ ಪಟ್ಟು ಹಿಡಿದರು. ಆ ಆಲ್ಬಮ್ಮಿನ ‘ವಾಟರ್‌ಮೆಲನ್ ಮ್ಯಾನ್’ ಅನ್ನು ಮರುವರ್ಷ ಮೊಂಗೊ ಸಾಂತಾಮರಿಯಾ ನುಡಿಸಿ ಹಿಟ್ ಮಾಡಿದಾಗ, ರಚನೆಯ ಹಕ್ಕಿನ ಹಣ ಹ್ಯಾನ್‌ಕಾಕ್ ಅವರದೇ ಆಯಿತು. ಸ್ವರ, ತಾಳ ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ಕಾಗದಕ್ಕೆ ಸಹಿ ಹಾಕುವ ಮುಂಚೆ ಓದು ಅಂತ ಕಲಿಸುವವರು ತುಂಬ ಕಡಿಮೆ, ಅಲ್ವಾ? ನನಗೆ ಬರ್ಡ್ ಮೇಲೆ ಗೌರವ ಜಾಸ್ತಿ ಆಗಿದ್ದೇ ಈ ಕಾರಣಕ್ಕೆ.

ಇನ್ನು ದುಡ್ಡಿನ ಮಾತು. 1960ರ ದಶಕದ ಕೊನೆಗೆ ಅವರು ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಬಂದು ಜಾಜ್ ವಿಭಾಗ ಕಟ್ಟಿದರು. ಕಪ್ಪು ಜನರ ಹೆಮ್ಮೆಯ ಆ ವಿಶ್ವವಿದ್ಯಾಲಯದಲ್ಲಿ ಅವರದೇ ಸಂಗೀತಕ್ಕೆ ಪಾಠದ ಜಾಗ ಸಿಗುವುದು ಸಣ್ಣ ಸಂಗತಿಯಲ್ಲ. ಅಲ್ಲಿ ಅವರ ಹತ್ತಿರ ಕಲಿತ ಫಾನ್ಸ್ ಮಿಝೆಲ್ ಮತ್ತು ಅವರ ತಮ್ಮ ಲ್ಯಾರಿ ಸೇರಿ 1973ರ ‘ಬ್ಲ್ಯಾಕ್ ಬರ್ಡ್’ ಆಲ್ಬಮ್ ತಯಾರಿಸಿದರು. ಬರ್ಡ್ ಅವರ ರೆಕಾರ್ಡ್ ಕಂಪನಿ ಬ್ಲೂ ನೋಟ್ ಅಲ್ಲಿಯವರೆಗೆ ಮಾಡಿದ ಯಾವ ಆಲ್ಬಮ್ಮೂ ಅಷ್ಟು ಮಾರಾಟವಾಗಿರಲಿಲ್ಲ. ಫಂಕ್ ಎಂಬ ಕುಣಿತದ ಸಂಗೀತ ಸೇರಿಸಿ ಜಾಜ್ ಕೆಡಿಸಿದರು ಅಂತ ವಿಮರ್ಶಕರು ಬೈದರು. ನೀವು ಓದಿದ್ದು ಬಹುಶಃ ಅದನ್ನೇ. ಆ ಸಾಲಿನ ಕೆಲವು ಆಲ್ಬಮ್‌ಗಳಲ್ಲಿ ಟ್ರಂಪೆಟ್ ಹಿಂದೆ ಸರಿದಿದೆ ಅಂತ ನನಗೂ ಅನಿಸುತ್ತದೆ. ಆದರೆ ಅದು ಜಾಜ್ ಬಿಟ್ಟಿದ್ದಲ್ಲ. ಗುರು ತನ್ನ ಶಿಷ್ಯರ ಕಾಲದ ಸಂಗೀತಕ್ಕೆ ಕಿವಿಕೊಟ್ಟಿದ್ದು. ಅದೇ ಹೊತ್ತಿಗೆ ತಮ್ಮ ವಿದ್ಯಾರ್ಥಿಗಳನ್ನೇ ಸೇರಿಸಿ ‘ಬ್ಲ್ಯಾಕ್‌ಬರ್ಡ್ಸ್’ ತಂಡ ಕಟ್ಟಿದರು. 1975ರಲ್ಲಿ ಆ ಹುಡುಗರ ಹಾಡೊಂದು ಅಮೆರಿಕದ ಮೊದಲ ಹತ್ತು ಹಾಡುಗಳಲ್ಲಿ ಸೇರಿತು. ಕಛೇರಿ ಇಲ್ಲದೆ ಪಾಠಕ್ಕೆ ಬಂದವರು ಹೀಗೆ ಕ್ಲಾಸನ್ನೇ ವೇದಿಕೆಗೆ ಕರೆದೊಯ್ಯುತ್ತಾರಾ?

ಆಮೇಲೆ ಹಿಪ್-ಹಾಪ್ ಹುಡುಗರು ಅದೇ ಆಲ್ಬಮ್‌ಗಳಿಂದ ತುಣುಕು ತೆಗೆದು ತಮ್ಮ ಹಾಡು ಕಟ್ಟಿದರು. 1993ರಲ್ಲಿ ರ‍್ಯಾಪರ್ ‘ಗುರು’ ಎಂಬ ಹೆಸರಿನವರ ‘ಜಾಜ್‌ಮಟಾಜ್’ ಆಲ್ಬಮ್ಮಿನಲ್ಲಿ ಬರ್ಡ್ ತಾವೇ ನುಡಿಸಿದರು. ಆಗ ಅವರಿಗೆ ಅರವತ್ತು ದಾಟಿತ್ತು. ತೀರಿಕೊಂಡಿದ್ದು 2013ರಲ್ಲಿ.

ಯಾವುದರಿಂದ ಕೇಳಲು ಶುರು ಮಾಡಲಿ ಅಂತಲೂ ಪತ್ರದ ಕೊನೆಗೆ ಕೇಳಿದ್ದೀರಿ. 1963ರಲ್ಲಿ ರೆಕಾರ್ಡ್ ಮಾಡಿದ ‘ಎ ನ್ಯೂ ಪರ್ಸ್‌ಪೆಕ್ಟಿವ್’ ಮೊದಲು ಕೇಳಿ. ಅದರಲ್ಲಿ ಟ್ರಂಪೆಟ್ ಜೊತೆ ಎಂಟು ಜನರ ಕೋರಸ್ ಇದೆ, ಪಾದ್ರಿಯ ಮಗ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಪಿಯಾನೋದಲ್ಲಿ ಅದೇ ಹ್ಯಾನ್‌ಕಾಕ್. ಅದಾದ ಮೇಲೆ ‘ಬ್ಲ್ಯಾಕ್ ಬರ್ಡ್’ ಹಾಕಿ. ಎರಡನ್ನೂ ಕೇಳಿ ಮತ್ತೆ ಬರೆಯಿರಿ, ಕಾಯುತ್ತಿರುತ್ತೇನೆ.